ಇಳಿಜಾರಿನ ಸ್ಕೀಯಿಂಗಿನಲ್ಲಿ ಮೈಯ ನಿಲುವು ಮತ್ತು ಪಾದಗಳ ಅಂತರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಹಿಮವನ್ನು ಕಣ್ಣಾರೆ ಕಾಣದವನೊಬ್ಬನು ಹಿಮದ ಮೇಲಿನ ಆಟವನ್ನು ಕುರಿತು ಬರೆಯಹೊರಟರೆ ಓದುಗರಿಗೆ ನಗು ಬರುವುದು ಸಹಜ. ನಾನು ಕಂಡಿರುವ ಹಿಮವೆಂದರೆ ಸಂತೆಯಲ್ಲಿ ಮೀನಿನ ಬುಟ್ಟಿಯ ಮೇಲೆ ಸುರಿಯುವ ಮಂಜುಗಡ್ಡೆಯ ಪುಡಿ, ಅಷ್ಟೇ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. 2022ರ ಫೆಬ್ರವರಿಯಲ್ಲಿ ಬೀಜಿಂಗಿನಲ್ಲಿ ಚಳಿಗಾಲದ ಒಲಿಂಪಿಕ್ ಕೂಟ ನಡೆದಾಗ ಭಾರತದಿಂದ ಹೋಗಿದ್ದ ಕ್ರೀಡಾಪಟು ಒಬ್ಬರೇ ಒಬ್ಬರು, ಕಾಶ್ಮೀರದ ಆರಿಫ್ ಖಾನ್. ಜಯಂಟ್ ಸ್ಲಾಲಮ್ ಎಂಬ ಪಂದ್ಯದಲ್ಲಿ ಅವರು 45ನೆಯವರಾಗಿ ಗುರಿ ಮುಟ್ಟಿದರು; ಸ್ಲಾಲಮ್ ಪಂದ್ಯದಲ್ಲಿ ಓಟವನ್ನು ಪೂರೈಸಲಾಗಲಿಲ್ಲ. ಆಗ ಪಿ.ಯು.ಸಿ. ಓದುತ್ತಿದ್ದ ನಾನು ಗೆಳೆಯನ ಮೊಬೈಲಿನಲ್ಲಿ ಆ ಪಂದ್ಯಗಳನ್ನು ನೋಡಿದೆನು. ಸೋಲು ಗೆಲುವುಗಳಿಗಿಂತ ನನ್ನ ಕಣ್ಣನ್ನು ಹಿಡಿದದ್ದು ಆಟಗಾರರ ಕಾಲುಗಳು. ಒಬ್ಬನೇ ಆಟಗಾರ, ಒಂದೇ ಇಳಿಜಾರು. ಒಂದು ಕ್ಷಣ ಅವನ ಪಾದಗಳೆರಡೂ ಹತ್ತಿರ ಹತ್ತಿರ ಇವೆ, ಮರುಕ್ಷಣ ಎರಡು ಮೂರು ಅಡಿ ದೂರ ಹೋದಂತೆ ಕಾಣುತ್ತವೆ. ಹಾಗಾದರೆ ಸರಿಯಾದ ಅಂತರ ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ಆಲ್ಪ್ಸ್ ಪರ್ವತದ ನಾಡುಗಳಲ್ಲಿ ಇದನ್ನೇ ಕುರಿತು ಬಹುಕಾಲದಿಂದ ವಾದ ನಡೆದಿರುವುದು ತಿಳಿದುಬಂದಿತು.

ಮೊದಲು ಸಲಕರಣೆಯ ವಿಷಯವಾಗಿ ನಾಲ್ಕು ಮಾತು. ಸ್ಕೀ ಎಂದರೆ ಕಾಲಿಗೆ ಬಿಗಿದುಕೊಳ್ಳುವ, ಮೂತಿ ಮೇಲಕ್ಕೆ ಬಾಗಿದ ಉದ್ದನೆಯ ಪಟ್ಟಿ. ಹಿಂದೆ ಬರಿಯ ಮರದ್ದಾಗಿತ್ತು. ಈಗ ಮರ, ಲೋಹ, ಗಾಜಿನ ನಾರು ಇವುಗಳನ್ನು ಪದರಪದರವಾಗಿ ಕೂಡಿಸಿ ಮಾಡುತ್ತಾರೆ. ಅದರ ಎರಡು ಬದಿಗೂ ಉಕ್ಕಿನ ಅಂಚು ಇರುವುದು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರನ್ನು ಕೇಳಿದವರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅವರದು ಕ್ರಾಸ್ ಕಂಟ್ರಿ ಎಂಬ ಬಗೆ; ಅದರಲ್ಲಿ ಬೂಟಿನ ಮುಂತುದಿ ಮಾತ್ರ ಸ್ಕೀಗೆ ಸಿಕ್ಕಿಕೊಂಡಿದ್ದು ಹಿಮ್ಮಡಿ ಎದ್ದು ಇಳಿಯುತ್ತದೆ. ಪ್ರಸ್ತುತ ಲೇಖನಕ್ಕೆ ಸಂಬಂಧಿಸಿದ ಇಳಿಜಾರಿನ ಸ್ಕೀಯಿಂಗಿನಲ್ಲಿ ಹಿಮ್ಮಡಿಯೂ ಬಿಗಿ, ಗಟ್ಟಿ ಬೂಟಿನೊಳಗೆ ಕಣಕಾಲೂ ಬಿಗಿ. ಅಂದಮೇಲೆ ಪಾದದಿಂದ ಮಾಡಬಹುದಾದ ಉಪಾಯಗಳು ಕಡಿಮೆಯಾಗಿ, ಮೊಣಕಾಲು ಮತ್ತು ಸೊಂಟಗಳ ಮೇಲೆ ಹೊಣೆ ಬೀಳುತ್ತದೆ.

ಸ್ಕೀ ನಡುವಿನಲ್ಲಿ ಕಿರಿದಾಗಿ ಮೂತಿ ಬಾಲಗಳಲ್ಲಿ ಅಗಲವಾಗಿರುವುದು. ಅದನ್ನು ಅಂಚಿನ ಮೇಲೆ ಓರೆಮಾಡಿ ಒತ್ತಿದರೆ ಬಿಲ್ಲಿನಂತೆ ಬಾಗಿ, ತಾನಾಗಿಯೇ ಒಂದು ಕಮಾನಿನ ಹಾದಿಯಲ್ಲಿ ಸಾಗುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ತಿರುವು ಚಿಕ್ಕದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುವುದು.

ಅಂತರದ ಮಾತಿಗೆ ಮೊದಲು ಹಿಂದುಮುಂದಿನ ಸಮತೋಲದ ಮಾತು ಬರಬೇಕು. ಇಳಿಜಾರಿನಲ್ಲಿ ನಿಂತ ಹೊಸಬನಿಗೆ ಭಯವಾಗುತ್ತದೆ. ಭಯವಾದವನು ಹಿಂದಕ್ಕೆ ವಾಲುತ್ತಾನೆ. ನೆಲದ ಮೇಲೆ ಜಾರುವಾಗ ನಾವೆಲ್ಲರೂ ಮಾಡುವುದು ಅದನ್ನೇ. ಆದರೆ ಸ್ಕೀಯ ಮೇಲೆ ಇದು ತಿರುಗುಮುರುಗಾದ ಫಲವನ್ನು ಕೊಡುತ್ತದೆ. ಭಾರ ಹಿಂದಕ್ಕೆ ಹೋದೊಡನೆ ಮೂತಿಯ ಮೇಲಿನ ಒತ್ತಡ ತಪ್ಪಿ, ತಿರುವನ್ನು ಆರಂಭಿಸುವ ಭಾಗವೇ ಹಿಮವನ್ನು ಬಿಟ್ಟುಬಿಡುತ್ತದೆ. ನಿಲ್ಲಬೇಕೆಂದು ಹಿಂದಕ್ಕೆ ಸರಿದವನು ಇನ್ನೂ ವೇಗವಾಗಿ ಕೆಳಗೆ ಹೋಗುತ್ತಾನೆ. ಆದುದರಿಂದ ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಯನ್ನು ಮೆಲ್ಲನೆ ಒತ್ತುತ್ತಿರಬೇಕು. ಮೊಣಕಾಲು ಸೊಂಟಗಳು ತುಸು ಬಾಗಿರಬೇಕು. ಮೈಯ ಗುರುತ್ವಕೇಂದ್ರ ಪಾದದ ನಡುಭಾಗದ ಮೇಲೆ ಬರಬೇಕು. ಕೈಗಳು ಮುಂದಿದ್ದು ಕಣ್ಣಿಗೆ ಕಾಣುತ್ತಿರಬೇಕು. ಇನ್ನೊಂದು ಮಾತು: ನೇರ ನಿಲ್ಲುವುದೆಂದರೆ ಇಲ್ಲಿ ಮರ ನಿಂತಂತೆ ನಿಲ್ಲುವುದಲ್ಲ, ಇಳಿಜಾರಿಗೆ ನೇರವಾಗಿ ನಿಲ್ಲುವುದು. ಹೀಗೆ ನಿಲ್ಲಬೇಕಾದರೆ ಕೆಳಗಿನ ಕಣಿವೆಯ ಕಡೆಗೆ ಮೈಯನ್ನು ಒಡ್ಡಬೇಕಾಗುವುದು. ಹೇಳುವುದು ಸುಲಭ.

ಹಿಂದಕ್ಕೆ ಕೂರುವುದರ ಅಪಾಯ ಬರಿಯ ಬೀಳುವುದಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಸಂಶೋಧಕರು ಬೀಳುವವರ ಚಲನಚಿತ್ರಗಳನ್ನು ಕೂಡಿಹಾಕಿ ನೋಡಿ, 1995ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಭಾರವೆಲ್ಲ ಕೆಳಬದಿಯ ಸ್ಕೀಯ ಬಾಲದ ಒಳ ಅಂಚಿಗೆ ಬಿದ್ದಾಗ, ಆ ಬಾಲವು ಹಿಂದಕ್ಕೆ ಚಾಚಿದ ಇನ್ನೊಂದು ಪಾದದಂತೆ ವರ್ತಿಸಿ ಮೊಣಕಾಲನ್ನು ತಿರುಚುತ್ತದೆ; ಮೂಳೆಗೆ ಮೂಳೆಯನ್ನು ಬಿಗಿದಿರುವ ಒಳಗಿನ ಅಸ್ಥಿರಜ್ಜು ಹರಿಯುತ್ತದೆ. ಅವರು ಇದಕ್ಕೆ ಇಟ್ಟ ಹೆಸರು ‘ಭೂತಪಾದ’ ಎಂಬರ್ಥದ್ದು. ಈ ಸ್ಥಿತಿಯನ್ನು ಗುರುತಿಸಿ ತಪ್ಪಿಸಿಕೊಳ್ಳುವುದನ್ನು ಸ್ಕೀ ಶಿಕ್ಷಕರಿಗೂ ಕಾವಲುಗಾರರಿಗೂ ಕಲಿಸಿದಾಗ ಅವರಲ್ಲಿ ಮೊಣಕಾಲಿನ ದೊಡ್ಡ ಗಾಯಗಳು ಶೇಕಡ 62ರಷ್ಟು ಇಳಿದುವು. ಬೀಳುವ ಹೊತ್ತಿಗೆ ಅವರು ಹೇಳಿದ ಉಪಾಯ ಮೂರು ತುಂಡು ಮಾತು: ತೋಳು ಮುಂದಕ್ಕೆ, ಪಾದಗಳು ಕೂಡಿ, ಕೈಗಳು ಸ್ಕೀಯ ಮೇಲೆ. ಪಾದಗಳನ್ನು ಕೂಡಿಸಬೇಕೆಂಬ ಮಾತು ಇಲ್ಲಿ ಬಂದಿರುವುದನ್ನು ಓದುಗರು ನೆನಪಿಟ್ಟಿರಲಿ; ಅದು ಅಪಾಯದ ಕ್ಷಣದ ಮಾತು, ದಿನದ ನಿಲುವಿನ ಮಾತಲ್ಲ.

ಇನ್ನು ಅಂತರದ ಇತಿಹಾಸ. ಆಸ್ಟ್ರಿಯದ ಆರ್ಲ್‌ಬೆರ್ಗ್ ಪ್ರದೇಶದ ಹಾನ್ನೆಸ್ ಶ್ನೈಡರ್ 1907ರಿಂದ ಸಾಂಕ್ಟ್ ಆಂಟೋನ್ ಎಂಬ ಹಳ್ಳಿಯಲ್ಲಿ ಸ್ಕೀ ಕಲಿಸತೊಡಗಿದನು. ಅವನ ಪದ್ಧತಿಯಲ್ಲಿ ಮೈ ತಗ್ಗಿಸಿ ಕುಕ್ಕರಿಸಿದಂತೆ ಇರಬೇಕು. ಮೊದಲು ಸ್ಕೀಗಳ ಮೂತಿಗಳನ್ನು ಕೂಡಿಸಿ ಬಾಲಗಳನ್ನು ಅಗಲಿಸಿ ನೇಗಿಲಿನಂತೆ ಹಿಮವನ್ನು ಉಳುತ್ತ ವೇಗ ತಗ್ಗಿಸುವುದು, ಆಮೇಲೆ ಮೆಲ್ಲಮೆಲ್ಲನೆ ಎರಡನ್ನೂ ಸಮಾಂತರಕ್ಕೆ ತರುವುದು. ಅಂದರೆ ಅಗಲದಿಂದ ಕಿರಿದಕ್ಕೆ ಪಯಣ. ಕಲಿಯುವವರಿಗೆ ಇದು ಧೈರ್ಯ ಕೊಟ್ಟಿತು, ಪ್ರಪಂಚವೆಲ್ಲ ಹರಡಿತು. (ನಾಜಿಗಳು ಆಸ್ಟ್ರಿಯವನ್ನು ಹಿಡಿದ 1938ರಲ್ಲಿ ಶ್ನೈಡರನನ್ನು ಸೆರೆಹಿಡಿದರು; ಮರುವರ್ಷ ಅವನು ಅಮೆರಿಕಕ್ಕೆ ಹೋಗಿ ಅಲ್ಲಿಯೂ ಕಲಿಸಿ 1955ರಲ್ಲಿ ತೀರಿಕೊಂಡನು.)

ಎರಡನೆಯ ಮಹಾಯುದ್ಧದ ಅನಂತರ ಗಾಳಿ ಬೇರೆ ಕಡೆಗೆ ಬೀಸಿತು. 1952ರ ಓಸ್ಲೋ ಒಲಿಂಪಿಕ್ಕಿನಲ್ಲಿ ಜಯಂಟ್ ಸ್ಲಾಲಮ್ ಗೆದ್ದ ನಾರ್ವೆಯ ಸ್ಟೈನ್ ಎರಿಕ್ಸೆನ್ ಎರಡು ಕಾಲುಗಳನ್ನೂ ಅಂಟಿಸಿದಂತಿಟ್ಟು ಇಳಿಯುವುದರಲ್ಲಿ ಹೆಸರಾಂತವನು. ಅದೇ ದಶಕದಲ್ಲಿ ಆಸ್ಟ್ರಿಯದ ಸ್ಟೆಫಾನ್ ಕ್ರುಕ್ಕೆನ್‌ಹೌಸರ್ ‘ವೇಡೆಲ್ನ್’ ಎಂಬ ಪದ್ಧತಿಯನ್ನು ಪಾಠಕ್ರಮಕ್ಕೆ ತಂದನು. ಆ ಜರ್ಮನ್ ಮಾತಿಗೆ ನಾಯಿ ಬಾಲ ಅಲ್ಲಾಡಿಸುವುದು ಎಂದರ್ಥ. ಎದೆ ಕಣಿವೆಯ ಕಡೆಗೆ ಸ್ಥಿರ, ಕಾಲುಗಳೆರಡೂ ಕೂಡಿ ಅತ್ತಿತ್ತ ಬಳುಕಾಟ. ಈತ ಒಳ್ಳೆಯ ಛಾಯಾಗ್ರಾಹಕನೂ ಆಗಿದ್ದನು. ಉತ್ತಮ ಓಟಗಾರರ ಚಿತ್ರ ತೆಗೆದು, ಅದರಿಂದ ಪಾಠವನ್ನು ಕಟ್ಟಿದನು.

ಕೂಡಿದ ಕಾಲುಗಳ ಪದ್ಧತಿಯನ್ನು ಇಂದು ಕೆಲವರು ಬರಿಯ ಶೋಕಿ ಎಂದು ತಳ್ಳಿಹಾಕುವುದುಂಟು. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಅಂದಿನ ಬೂಟು ಮೆತ್ತನೆಯ ಚರ್ಮದ್ದು. ಪಕ್ಕಕ್ಕೆ ಆಸರೆ ಕೊಡದು. ಸ್ಕೀಗಳು ಎರಡು ಮೀಟರಿಗೂ ಮಿಕ್ಕ ಉದ್ದ; ನಡುವಿನ ಕಿರಿದು ಅಲ್ಪ; ತಾವಾಗಿ ತಿರುಗಲಾರವು, ತಿರುಗಿಸಬೇಕು. ಹೀಗಿದ್ದಾಗ ಒಂದು ಕಾಲಿಗೆ ಇನ್ನೊಂದನ್ನು ಆಸರೆಯಾಗಿ ಕೊಟ್ಟು, ಭಾರವನ್ನು ಹಗುರಮಾಡಿ, ಎರಡು ಸ್ಕೀಗಳನ್ನೂ ಒಂದೇ ಎಂಬಂತೆ ಹೊರಳಿಸುವುದು ಬುದ್ಧಿವಂತಿಕೆಯೇ ಸರಿ. ತೊಂದರೆ ಬಂದದ್ದು ಆಮೇಲೆ. ಕೂಡಿದ ಕಾಲುಗಳೇ ನುರಿತವನ ಗುರುತಾದುವು. ಏತಕ್ಕೆ ಕೂಡಿಸುತ್ತೇವೆ ಎಂಬುದು ಮರೆತುಹೋಗಿ ಕೂಡಿಸುವುದಷ್ಟೇ ಉಳಿಯಿತು. ನೋಡಿ ಕಲಿಯುವವರ ಕಷ್ಟ ಇದು. ಕಾಲೇಜಿಗೆ ಬಂದ ಹೊಸತರಲ್ಲಿ ನಾನೂ ಪಟ್ಟಣದ ಹುಡುಗರು ಹೇಗೆ ನಿಲ್ಲುತ್ತಾರೆಂದು ನೋಡಿ ಹಾಗೆಯೇ ನಿಂತವನು. ಅವರು ಹಾಗೇಕೆ ನಿಲ್ಲುತ್ತಾರೆಂದು ಕೇಳಲಿಲ್ಲ.

1960ರ ದಶಕದಲ್ಲಿ ಗಟ್ಟಿ ಪ್ಲಾಸ್ಟಿಕ್ ಬೂಟು ಬಂದಿತು. 1968ರ ಗ್ರೆನೋಬಲ್ ಒಲಿಂಪಿಕ್ಕಿನಲ್ಲಿ ಮೂರು ಚಿನ್ನ ಗೆದ್ದ ಫ್ರಾನ್ಸಿನ ಜಾನ್ ಕ್ಲೋಡ್ ಕಿಲ್ಲಿ ಕಾಲುಗಳನ್ನು ಬಿಡಿಸಿಟ್ಟು ಓಡುತ್ತಿದ್ದನು. ಪ್ರತಿಯೊಂದು ಕಾಲೂ ತನ್ನ ಕೆಲಸವನ್ನು ತಾನು ಮಾಡುತ್ತಿತ್ತು. 1990ರ ದಶಕದಲ್ಲಿ ನಡು ಬಹಳ ಕಿರಿದಾದ ಗಿಡ್ಡ ಸ್ಕೀಗಳು ಬಂದಮೇಲೆ, ತಿರುಗಿಸುವ ಕಾಲ ಹೋಗಿ ಓರೆಮಾಡುವ ಕಾಲ ಬಂದಿತು. ಈಗ ಅಂತರರಾಷ್ಟ್ರೀಯ ಸ್ಲಾಲಮ್ ಪಂದ್ಯದಲ್ಲಿ ಗಂಡಸರ ಸ್ಕೀ 165 ಸೆಂಟಿಮೀಟರಿಗಿಂತ ಕಡಿಮೆಯಿರಬಾರದು ಎಂದು ನಿಯಮವನ್ನೇ ಮಾಡಬೇಕಾಗಿದೆ.

ಓರೆಮಾಡುವುದೆಂದರೆ ಎಷ್ಟು ಓರೆ? ಒಂದು ಸಣ್ಣ ಲೆಕ್ಕ ಮಾಡಿನೋಡೋಣ. ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವನ್ನು ತೆಗೆದುಕೊಳ್ಳುವವನಿಗೆ ಪಕ್ಕಕ್ಕೆ ಬೇಕಾಗುವ ವೇಗೋತ್ಕರ್ಷ 15ರ ವರ್ಗವನ್ನು 20ರಿಂದ ಭಾಗಿಸಿದಷ್ಟು, ಎಂದರೆ 11.25. ಇದು ಗುರುತ್ವಾಕರ್ಷಣದ 9.8ಕ್ಕಿಂತಲೂ ಹೆಚ್ಚು. ಎರಡನ್ನೂ ಸರಿದೂಗಿಸಲು ಮೈ ಲಂಬದಿಂದ ಸುಮಾರು 49 ಡಿಗ್ರಿ ಒಳಕ್ಕೆ ವಾಲಬೇಕು; ಕಾಲಿನ ಮೇಲಿನ ಹೊರೆ ತೂಕದ ಒಂದೂವರೆ ಪಟ್ಟಾಗುತ್ತದೆ. 60 ಕಿಲೋ ತೂಕದವನು 90 ಕಿಲೋ ಹೊತ್ತಂತೆ. (ಇಳಿಜಾರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಕಲಾ ವಿಭಾಗದವನ ಗಣಿತಕ್ಕೆ ಇಷ್ಟು ಸಾಕು.)

ಈ ಹೊರೆಯನ್ನು ಹೊರುವುದು ಯಾವ ಕಾಲು? ಬಹುಪಾಲು ಹೊರಗಾಲು, ಎಂದರೆ ತಿರುವಿನ ಹೊರಬದಿಗಿರುವ ಕಾಲು. ಕಾರಣಗಳು ಎರಡು. ಹೊರಗಾಲು ಚಾಚಿಕೊಂಡಿರುವುದರಿಂದ ಮೂಳೆಯ ಮೇಲೆ ಮೂಳೆ ಕಂಬದಂತೆ ನಿಂತು ಭಾರ ಹೊರುತ್ತದೆ; ಮಡಿಚಿದ ಒಳಗಾಲಿನಲ್ಲಿ ಆ ಭಾರವನ್ನು ಮಾಂಸಖಂಡವೇ ಹೊರಬೇಕು. ಎರಡನೆಯದಾಗಿ, ಹೊರಗಿನ ಸ್ಕೀ ಜಾರಿದರೆ ಒಳಗಿನದು ಹಿಡಿದುಕೊಳ್ಳುತ್ತದೆ. ಒಳಗಿನದರ ಮೇಲೆಯೇ ಭಾರ ಹಾಕಿ ಅದು ಜಾರಿದರೆ ಹಿಡಿಯಲು ಇನ್ನೇನೂ ಉಳಿದಿಲ್ಲ. ಇದಕ್ಕಾಗಿಯೇ ನುರಿತವರು ಕಾಲುಗಳನ್ನು ಒಳಕ್ಕೆ ವಾಲಿಸಿದರೂ ಸೊಂಟದಲ್ಲಿ ಮುರಿದು, ಎದೆ ಭುಜಗಳನ್ನು ಹೊರಬದಿಯ ಸ್ಕೀಯ ಕಡೆಗೆ ತೂಗಿಬಿಡುತ್ತಾರೆ. 2025ರ ಫೆಬ್ರವರಿಯಲ್ಲಿ ವಿಶ್ವಕಪ್ ಪಂದ್ಯಗಳಲ್ಲಿ ನೂರನೆಯ ಗೆಲುವನ್ನು ಪಡೆದ ಅಮೆರಿಕದ ಮಿಕೇಲ ಶಿಫ್ರಿನ್ ಅವರ ಓಟವನ್ನು ನಿಧಾನಗತಿಯಲ್ಲಿ ನೋಡಿದವರಿಗೆ ಇದು ಚೆನ್ನಾಗಿ ಗೋಚರವಾಗುವುದು.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ತಿರುವಿನ ನಡುವೆ ನಿಲ್ಲಿಸಿದ ಚಿತ್ರದಲ್ಲಿ ಪಾದಗಳು ಅಷ್ಟು ದೂರ ಕಾಣುವುದೇಕೆ? ಆಟಗಾರನು ಕಾಲನ್ನು ಅಗಲಿಸಿದನೆಂದೇ ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು. ಎರಡು ಪೆನ್ಸಿಲುಗಳನ್ನು ಮೇಜಿನ ಮೇಲೆ ಮೂರು ಬೆರಳ ಅಂತರದಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ನಡುವಿನ ಅಂತರ ಕೆಡದಂತೆ ಎರಡನ್ನೂ ಒಂದೇ ಬದಿಗೆ ವಾಲಿಸಿರಿ. ಎರಡರ ತುದಿಯೂ ಮೇಜನ್ನು ಮುಟ್ಟಿಕೊಂಡೇ ಇರಬೇಕಾದರೆ ವಾಲಿದ ಬದಿಯ ಪೆನ್ಸಿಲು ಕೈಯೊಳಗೆ ಮೇಲಕ್ಕೆ ಸರಿಯಬೇಕಾಗುವುದು. ಮೇಜಿನ ಮೇಲೆ ಮಾತ್ರ ತುದಿಗಳು ದೂರ ದೂರ ಬೀಳುವುವು. ಪೆನ್ಸಿಲುಗಳ ನಡುವಿನ ಅಂತರ ಹಾಗೆಯೇ ಇದೆ! ಕಾಲುಗಳ ವಿಷಯವೂ ಇದೇ. ಎರಡು ಕಾಲುಗಳ ನಡುವೆ 30 ಸೆಂಟಿಮೀಟರ್ ಇದ್ದು, ಲಂಬದಿಂದ 60 ಡಿಗ್ರಿ ವಾಲಿದಾಗ ಹಿಮದ ಮೇಲೆ ಸ್ಕೀಗಳು 60 ಸೆಂಟಿಮೀಟರ್ ದೂರ ಬೀಳುತ್ತವೆ. ಒಳಗಾಲು ಹೊರಗಾಲಿಗಿಂತ 52 ಸೆಂಟಿಮೀಟರಿನಷ್ಟು ಗಿಡ್ಡವಾಗಬೇಕು. ಎಂದರೆ ಮೊಣಕಾಲು ಎದೆಯ ಕಡೆಗೆ ಬರುವಷ್ಟು ಮಡಿಚಬೇಕು. ಅಗಲವೆಂದು ಕಣ್ಣಿಗೆ ಕಂಡದ್ದು ಅಗಲವಲ್ಲ, ಒಂದು ಕಾಲಿನ ಮಡಿಕೆ.

ಕಲಿಯುವವನು ಚಿತ್ರವನ್ನು ನೋಡಿ ಕಾಲನ್ನು ಅಗಲಿಸುತ್ತಾನೆ. ಆಗ ಏನಾಗುವುದು? ಅದೇ ಲೆಕ್ಕವನ್ನು 45 ಸೆಂಟಿಮೀಟರ್ ಅಂತರಕ್ಕೆ ಹಾಕಿದರೆ ಒಳಗಾಲು 78 ಸೆಂಟಿಮೀಟರ್ ಮಡಿಚಬೇಕು. ಅಷ್ಟು ಮಡಿಚುವುದು ಆಗದ ಮಾತು. ಆಗದುದರಿಂದ ಅವನು ವಾಲುವುದನ್ನೇ ಬಿಡುತ್ತಾನೆ, ಇಲ್ಲವೆ ಭಾರವನ್ನು ಒಳಗಾಲಿನ ಮೇಲೆ ಹಾಕಿ ಸಿಕ್ಕಿಬೀಳುತ್ತಾನೆ. ಹೊರಗಿನ ಮೊಣಕಾಲು ಒಳಕ್ಕೆ ಕುಸಿದು, ಎರಡು ಕಾಲುಗಳೂ ಗೋಡೆಗೆ ಒರಗಿಸದೆ ಬಿಡಿಸಿ ನಿಲ್ಲಿಸುವ ಏಣಿಯ ಆಕಾರ ತಾಳುತ್ತವೆ. ಅಗಲ ನಿಂತರೆ ಬೀಳುವುದಿಲ್ಲವೆಂಬುದು ನಿಂತಿರುವವನಿಗೆ ನಿಜ; ಚಲಿಸುವವನಿಗೆ ಅರ್ಧ ನಿಜ, ಏಕೆಂದರೆ ಒಂದು ತಿರುವಿನಿಂದ ಇನ್ನೊಂದಕ್ಕೆ ಹೋಗುವಾಗ ಗುರುತ್ವಕೇಂದ್ರ ಒಂದು ಕಾಲಿನ ಮೇಲಿನಿಂದ ಇನ್ನೊಂದರ ಮೇಲೆ ದಾಟಿಬರಬೇಕು. ಅಗಲ ಹೆಚ್ಚಿದಷ್ಟೂ ದಾಟುವ ದೂರ ಹೆಚ್ಚು.

ಬಹಳ ಕಿರಿದಾದರೆ ಬೇರೆ ತೊಡಕು. ಮೇಲಕ್ಕೆ ಮಡಿಚಿದ ಒಳಗಾಲಿನ ಬೂಟು ಹೊರಗಾಲಿನ ಮೊಣಕಾಲಿನ ಪಕ್ಕಕ್ಕೆ ಬರುತ್ತದೆಯಷ್ಟೆ. ಅದಕ್ಕೆ ಜಾಗ ಬೇಕು. ಜಾಗವಿಲ್ಲದಿದ್ದರೆ ಬೂಟು ಕಾಲಿಗೆ ತಗಲಿ ಓರೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಎರಡು ಬದಿಯಿಂದಲೂ ಕಟ್ಟುಬಿದ್ದು, ಗಟ್ಟಿ ಹಿಮದ ಮೇಲೆ ಉಳಿಯುವ ಅಂತರ ಹೆಚ್ಚುಕಡಿಮೆ ಸೊಂಟದ ಅಗಲದಷ್ಟು: ತೊಡೆಯ ಕೀಲಿನ ನೇರ ಕೆಳಗೆ ಪಾದ. ಆದರೆ ಹೊಸದಾಗಿ ಬಿದ್ದ ಮೆತ್ತನೆಯ ಆಳವಾದ ಹಿಮದಲ್ಲಿ ಈ ಮಾತು ನಡೆಯದು. ಅಲ್ಲಿ ಕಾಲು ಬಿಡಿಸಿದರೆ ಭಾರ ಹೆಚ್ಚಿದ ಸ್ಕೀ ಹುಗಿದು, ಇನ್ನೊಂದು ತೇಲಿ, ಆಟಗಾರ ಎರಡರ ನಡುವೆ ಬಿರಿಯುತ್ತಾನೆ. ಎರಡನ್ನೂ ಕೂಡಿಸಿ ಒಂದೇ ಅಗಲವಾದ ಹಲಗೆಯಂತೆ ಮಾಡಿಕೊಳ್ಳಬೇಕು. ದಿಬ್ಬದಿಬ್ಬವಾದ ಇಳಿಜಾರಿನಲ್ಲಿಯೂ ಹಾಗೆಯೇ; ಒಂದು ಪಾದ ದಿಬ್ಬದ ಮೇಲೆ, ಇನ್ನೊಂದು ತಗ್ಗಿನಲ್ಲಿ ಇದ್ದರೆ ನಡೆಯದು. ಎರಿಕ್ಸೆನ್ನನ ಕೂಡಿದ ಕಾಲುಗಳು ಇಲ್ಲಿ ಇಂದಿಗೂ ಬದುಕಿವೆ.

ಡೌನ್‌ಹಿಲ್ ಎಂದು ಹೆಸರಾದ ಅತಿವೇಗದ ಪಂದ್ಯದ್ದು ಇನ್ನೊಂದು ಜಗತ್ತು. ಅಲ್ಲಿ ಶತ್ರು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿ ಒಲಿಂಪಿಕ್ಕಿನಲ್ಲಿ ಫ್ರಾನ್ಸಿನ ಜಾನ್ ವುವಾರ್ನೆ ಈ ಪಂದ್ಯವನ್ನು ಗೆದ್ದದ್ದು ಲೋಹದ ಸ್ಕೀಗಳ ಮೇಲೆ, ಮೊಟ್ಟೆಯಂತೆ ಮೈಯನ್ನು ಉರುಟುಗೊಳಿಸಿ: ಬೆನ್ನು ಇಳಿಜಾರಿಗೆ ಸಮಾಂತರ, ಎದೆ ತೊಡೆಗಳ ಹತ್ತಿರ, ಕೈಗಳು ಮುಖದ ಮುಂದೆ. ಈ ಮೊಟ್ಟೆಯಲ್ಲಿ ಪಾದಗಳನ್ನು ಕೂಡಿಸಿದರೆ ಗಾಳಿಗೆ ಇನ್ನೂ ಚಿಕ್ಕದಾಗಬಹುದೇನೋ. ಆದರೆ ಕಾಲುಗಳು ಪಕ್ಕಕ್ಕೆ ಅಲುಗಿದಾಗಲೆಲ್ಲ ಸ್ಕೀಯ ಅಂಚು ಹಿಮವನ್ನು ಕಚ್ಚಿ ವೇಗವನ್ನು ತಿನ್ನುತ್ತದೆ. ಆದುದರಿಂದ ಇಲ್ಲಿ ತುಸು ಅಗಲವಾಗಿಯೇ ನಿಂತು, ಎರಡು ಸ್ಕೀಗಳನ್ನೂ ಚಪ್ಪಟೆಯಾಗಿ ಓಡಗೊಟ್ಟು, ಉಬ್ಬುತಗ್ಗುಗಳನ್ನು ಮೊಣಕಾಲಿನಲ್ಲಿ ನುಂಗಿಕೊಳ್ಳುತ್ತಾರೆ. ಗಂಡಸರ ಸ್ಕೀ ಇಲ್ಲಿ 218 ಸೆಂಟಿಮೀಟರಿಗೆ ಕಡಿಮೆಯಿರಬಾರದು. ಸ್ವಿಟ್ಸರ್ಲೆಂಡಿನ ವೆಂಗೆನ್ ಎಂಬಲ್ಲಿ 2013ರಲ್ಲಿ ಫ್ರಾನ್ಸಿನ ಜೊಹಾನ್ ಕ್ಲಾರೇ ಗಂಟೆಗೆ 161.9 ಕಿಲೋಮೀಟರ್ ವೇಗವನ್ನು ಮುಟ್ಟಿದನು. ನಮ್ಮೂರಿನ ಬಸ್ಸು ಅದರ ಅರ್ಧವನ್ನೂ ಕಂಡಿಲ್ಲ.

ಈ ಲೇಖನವನ್ನು ಬರೆಯುತ್ತಿರುವಾಗ ರಜೆಗೆ ಊರಿಗೆ ಹೋಗಿದ್ದೆ. ನಮ್ಮ ತಂದೆಯವರು ಮಂಡಿಯಲ್ಲಿ ಹಮಾಲಿ ಕೆಲಸ ಮಾಡುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೂಟೆ ಹೊತ್ತು ಲಾರಿಗೆ ಹಾಕಿದ ಹಲಗೆಯ ಮೇಲೆ ಹತ್ತಿಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. “ಅಪ್ಪಾ, ಮೂಟೆ ಹೊತ್ತಾಗ ಕಾಲು ಎಷ್ಟು ಅಗಲ ಇಡ್ತೀಯ?” ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಅಳತೆ ಯಾರು ನೋಡ್ತಾರೆ ಮಗಾ? ಮೂಟೆ ಬೆನ್ನಿಗೆ ಬಿದ್ದಮೇಲೆ ಕಾಲು ತಾನೇ ಜಾಗ ಹುಡುಕ್ಕೊಳ್ತದೆ. ಹಲಗೆ ಮೇಲೆ ಬೇರೆ. ಅಲ್ಲಿ ಅಗಲ ಇಡಾಕೆ ಹಲಗೆನೇ ಇರಲ್ಲ” ಎಂದರು. ಇದನ್ನೇ ಓದುವುದಕ್ಕೆ ಕಾಲೇಜಿಗೆ ಕಳಿಸಿದೆನೇ ಎಂದು ಕೇಳಲಿಲ್ಲ, ಮುಖದಲ್ಲಿ ಇತ್ತು.

ಸ್ಕೀ ಶಿಕ್ಷಕರು ಹೊಸಬರಿಗೆ ಅಂತರವನ್ನು ಕಲಿಸುವಾಗ ಅಳತೆಪಟ್ಟಿ ಹಿಡಿಯುವುದಿಲ್ಲವಂತೆ. ಸಮತಟ್ಟಾದ ಜಾಗದಲ್ಲಿ ನಿಂತು, ಯೋಚಿಸದೆ ಎರಡು ಮೂರು ಬಾರಿ ನಿಂತಲ್ಲೇ ಜಿಗಿಯುವಂತೆ ಹೇಳುತ್ತಾರೆ; ಕಾಲುಗಳು ಎಲ್ಲಿ ಬಂದು ಊರುತ್ತವೆಯೋ ಅದೇ ಅವನ ಅಂತರ. ಕಾಲೇಜಿನ ಮೈದಾನದಲ್ಲಿ ಉದ್ದಜಿಗಿತಕ್ಕೆಂದು ತೋಡಿರುವ ಮರಳ ಗುಂಡಿಗೆ ನೀರು ಚಿಮುಕಿಸಿ ನಾವು ಮೂವರು ಗೆಳೆಯರು ಇದನ್ನು ಮಾಡಿನೋಡಿದೆವು. ಹೆಜ್ಜೆಗುರುತುಗಳ ನಡುವಿನಿಂದ ನಡುವಿಗೆ ನನ್ನದು 26 ಸೆಂಟಿಮೀಟರ್ ಬಂದಿತು. ಎತ್ತರದ ಗೆಳೆಯನದು 31. ಮೂರನೆಯವನು ಜಿಗಿಯುವ ಮೊದಲೇ ಲೆಕ್ಕ ಕೇಳಿಕೊಂಡಿದ್ದುದರಿಂದ ಅವನದು ಮೂರು ಬಾರಿಯೂ ಸರಿಯಾಗಿ 30 ಬಂದಿತು, ಅದನ್ನು ಬಿಟ್ಟುಬಿಟ್ಟೆವು.